ಕಬ್ಬಿನ ಮಗ್ಗುಲ ಹೊಂಡ

ರಾಜೇಶ್ವರದ ಸುಂದರಬಾಯಿ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಗಂಡ ತೀರಿಕೊಂಡ ಮೇಲೆ ಮೈದುನರು ನಯವಾಗಿ ಮಾತಾಡುತ್ತಲೇ ಒಳ್ಳೆಯ ಹೊಲವನ್ನೆಲ್ಲ ತಮ್ಮದಾಗಿಸಿಕೊಂಡಿದ್ದರು. ಉಳಿದ ಜೌಗು ತುಂಡಿನಲ್ಲಿ ಅವಳು ಹೊಂಡ ತೋಡಿಸಿ ಕಾಟ್ಲಾ, ರೋಹು ಮೀನಿನ ಮರಿ ಬಿಟ್ಟಳು. ಹುಮನಾಬಾದಿನ ಬಜಾರಿನಲ್ಲಿ ತಾನೇ ಕೂತು ಮಾರಿದಳು.

ಈ ಸಲ ಶ್ರಾವಣದಲ್ಲಿ ವಾರವಿಡೀ ಮೋಡ ಕವಿದಿತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ದೊಡ್ಡ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವಳ ಕಣ್ಣು ನೆಟ್ಟಗೆ ಹೋದದ್ದು ಮಗ್ಗುಲಿನ ಕಬ್ಬಿನ ಹೊಲಕ್ಕೆ. ಬದುವಿನ ಜಗಳದಲ್ಲಿ ಅದರ ಮಾಲಕ ಗೋವರ್ಧನ, "ನಿನ್ನ ಹೊಂಡ ಹ್ಯಾಂಗ ಉಳೀತದ ನೋಡ್ತೀನಿ" ಅಂದಿದ್ದ.

ಅವನೇ ವಿಷ ಹಾಕಿದ್ದಾನೆಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ, ಹೊಂಡದ ನೀರನ್ನು ಬಾಟಲಿಗೆ ತುಂಬಿಕೊಂಡು ಅವಳು ಹುಮನಾಬಾದಿಗೆ, ಮೆಹರೀನ್ ಮನೆಗೆ ಹೋದಳು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಮೆಹರೀನ್ ಅವಳ ಹಳೆಯ ಗಿರಾಕಿ.

"ಇದ್ರಾಗ ವಿಷ ಅದಂತ ಬರ್ದು ಕೊಡವ್ವ. ಠಾಣೆಗೆ ಒಯ್ತೀನಿ."

"ನೋಡದೆ ಹ್ಯಾಂಗ ಬರೀಲಿ, ಮಾವಶಿ?"

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಮೆಹರೀನ್ ಹೊಂಡಕ್ಕೆ ಬಂದಳು. ಸಣ್ಣ ಯಂತ್ರವೊಂದರ ತಂತಿಯನ್ನು ನೀರಿಗಿಳಿಸಿ ನೋಡಿದಳು.

"ಕಪ್ಪಿ ಸತ್ತಾವೇನು?"

"ಇಲ್ಲ, ಒದರಾಕತ್ತಾವ."

"ವಿಷ ಇದ್ದಿದ್ರ ಅವೂ ಸಾಯ್ತಿದ್ದವು. ಅವು ಮ್ಯಾಲಿನ ಗಾಳಿ ಉಸಿರಾಡ್ತಾವ, ಉಳದಾವ. ನೀರಿನಾಗ ಆಮ್ಲಜನಕ ಇಲ್ಲ ಮಾವಶಿ. ಕಬ್ಬಿನ ಗೊಬ್ಬರ ಹರದು ಬಂದದ, ನೀವೂ ಮೀನಿನ ಮೇವಿಗಂತ ಸಗಣಿ ಸುರೀತೀರಿ. ಪಾಚಿ ಬೆಳೀತು, ಬಿಸಿಲಿಲ್ಲದೆ ಕೊಳೀತು, ಇದ್ದ ಆಮ್ಲಜನಕ ಹೀರಿತು. ದೊಡ್ಡ ಮೀನಿಗೆ ಮೊದಲು ಉಸಿರು ಕಟ್ಟತದ."

ಸುಂದರಬಾಯಿ ಹುಬ್ಬು ಗಂಟಿಕ್ಕಿದಳು. "ಗೋವರ್ಧನ ನಿಮ್ಮ ಮನೀಗಿ ಬಂದಿದ್ದನೇನು?"

ಮೆಹರೀನ್ ಸಿಟ್ಟಾಗಲಿಲ್ಲ. "ಇಪ್ಪತ್ತೈದು ಕೋಟಿ ವರ್ಷದ ಹಿಂದ ಸಮುದ್ರಕ್ಕೇ ಹಿಂಗ ಆಗಿತ್ತು. ಜ್ವಾಲಾಮುಖಿ ಉಗುಳಿ ಭೂಮಿ ಕಾಯ್ತು. ಬಿಸಿ ನೀರಿನಾಗ ಆಮ್ಲಜನಕ ನಿಲ್ಲೂದಿಲ್ಲ. ಕಡಲಿನ ಜೀವಜಾತಿ ಬಹುತೇಕ ಅಳಿದು ಹೋದವು."

"ಆಗ ಯಾರ ಮ್ಯಾಲ ಸಂಶಯ ಪಟ್ರು?"

"ಆಗ ಮನಷ್ಯಾರೇ ಇರಲಿಲ್ಲ."

ಇಡೀ ಸಮುದ್ರ ಉಸಿರುಗಟ್ಟಿದ್ದನ್ನು ನೆನೆದು ಸುಂದರಬಾಯಿ ಹೊಂಡದ ಕಡೆ ಮತ್ತೊಮ್ಮೆ ನೋಡಿದಳು. ಆದರೂ ಠಾಣೆಯ ವಿಚಾರವನ್ನು ಅವಳು ಪೂರ್ತಿ ಬಿಟ್ಟಿರಲಿಲ್ಲ.

ಎರಡು ದಿನ ಕಳೆದು ಮತ್ತೆ ಮೋಡದ ಮುಂಜಾನೆ. ಉಳಿದ ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಗಾಳಿ ನುಂಗುತ್ತಿದ್ದವು. ರಾತ್ರಿಯಿಡೀ ಅವಳೇ ಕಾವಲಿದ್ದಳು, ಹೊಂಡದ ಹತ್ತಿರ ಯಾರೂ ಸುಳಿದಿರಲಿಲ್ಲ. ನೀರನ್ನು ಮೇಲೆತ್ತಿ ಚಿಮ್ಮಿಸಿದರೆ ಗಾಳಿ ಬೆರೆಯುತ್ತದೆ ಎಂದು ಮೆಹರೀನ್ ಹೇಳಿಹೋಗಿದ್ದಳು. ಹತ್ತಿರದಲ್ಲಿದ್ದ ಪಂಪು ಒಂದೇ, ಗೋವರ್ಧನನದು.

ಅವಳು ಅವನ ಅಂಗಳಕ್ಕೆ ಹೋಗಿ ನಿಂತಳು. "ಪಂಪ್ ಬೇಕಾಗಿತ್ತು. ಮೀನ ಸಾಯಾಕತ್ತಾವ."

"ನಾ ವಿಷ ಹಾಕೀನಂತ ಊರೆಲ್ಲ ಹೇಳೀದಿ."

"ಹೇಳೀನಿ."

ಗೋವರ್ಧನ ಅವಳನ್ನೊಮ್ಮೆ ದಿಟ್ಟಿಸಿ, ಪಂಪು ಹೇರಿದ್ದ ಗಾಡಿಯನ್ನು ಎಳೆದುಕೊಂಡು ನಡೆದ. ನೀರು ಚಿಮ್ಮುವಷ್ಟು ಹೊತ್ತೂ ಸುಂದರಬಾಯಿ ಅವನ ಕೈ ಮೇಲಿಂದ ಕಣ್ಣು ಕೀಳಲಿಲ್ಲ. ಹೊತ್ತೇರುವಷ್ಟರಲ್ಲಿ ಮೀನುಗಳು ಒಂದೊಂದಾಗಿ ಕೆಳಗಿಳಿದವು.

ದೀಪಾವಳಿಯೊಳಗೆ ಅವನು ಗೊಬ್ಬರದ ನೀರು ಹೊಂಡಕ್ಕೆ ಬರದಂತೆ ಕಾಲುವೆ ತೋಡಿದ. ಅವಳು ಸಗಣಿ ಸುರಿಯುವುದನ್ನು ಬಿಟ್ಟಳು. ಇಬ್ಬರೂ ಈಗ ಮಾತಾಡುತ್ತಾರೆ, ಬದುವಿನ ಆಚೆ ಒಬ್ಬರು, ಈಚೆ ಒಬ್ಬರು ನಿಂತು.