ಟ್ರೈಲರಿನ ಅಡಿಯಲ್ಲಿ ಒಂದು ಲೋಟ ಟೀ

ಎಂಜಿನ್ ಇರುವ ಮುಂಭಾಗ ಕಳಚಿಕೊಂಡು ಹೋದ ಮೇಲೆ ಟ್ರೈಲರು ಮುಗ್ಗರಿಸದಂತೆ ಎತ್ತಿ ಹಿಡಿಯುವುದು ಎರಡು ಕಬ್ಬಿಣದ ಕಾಲುಗಳು. ಅವನ್ನು ರಿಪೇರಿ ಮಾಡುವುದೇ ಕಸುಬಾದ್ದರಿಂದ ಮೇಸ್ತ್ರಿಗೆ ಕಾಲಪ್ಪ ಎಂಬ ಹೆಸರು ಬಿದ್ದಿತ್ತು. ಹೆತ್ತವರಿಟ್ಟ ಹೆಸರು ಏನಿತ್ತೋ, ಅವನೇ ನೆನಪಿಸಿಕೊಳ್ಳಬೇಕಿತ್ತು.

ಅವನದೊಂದು ಪದ್ಧತಿ. ಕಾಲು ಜೋಡಿಸಿ ಎಂಜಿನ್ ಮುಂದೆ ಸರಿಯುವಾಗ, ತಾನು ಟ್ರೈಲರಿನ ಅಡಿಯಲ್ಲಿ ಸ್ಟೂಲು ಹಾಕಿಕೊಂಡು ಒಂದು ಲೋಟ ಟೀ ಕುಡಿಯಬೇಕು. ಟೀ ಮುಗಿದರೆ ಕೆಲಸ ಪಾಸು. ಇಪ್ಪತ್ತೆರಡು ವರ್ಷ ಹೀಗೇ ಕುಡಿದಿದ್ದ. ಡ್ರೈವರುಗಳಿಗೆ ಇದಕ್ಕಿಂತ ದೊಡ್ಡ ಗ್ಯಾರಂಟಿ ಬೇಕಿರಲಿಲ್ಲ. ಹೆಂಡತಿಗೆ ಮಾತ್ರ ಇದು ಗೊತ್ತಾದದ್ದು ಒಂದು ಭಾನುವಾರ. ಅವಳ ತಮ್ಮ ಟ್ರೈಲರ್ ಡ್ರೈವರು. ಭಾವನನ್ನು ಹೊಗಳಲು ಹೋಗಿ ಬಾಯಿಬಿಟ್ಟಿದ್ದ.

"ತಲೆಗಿಲೆ ಕೆಟ್ಟಿದ್ಯಾ ನಿಮಗೆ? ಟೀ ಕುಡಿಯೋಕೆ ಬೇರೆ ಜಾಗ ಸಿಗ್ಲಿಲ್ವಾ?"

"ಅದು ಟೀ ಅಲ್ಲ ಕಣೆ, ಪರೀಕ್ಷೆ."

"ಫೇಲಾದ್ರೆ ಮಾರ್ಕ್ಸ್ ಕಾರ್ಡ್ ಯಾರ ಕೈಗೆ ಕೊಡ್ತಾರೆ?"

ಬುಧವಾರ ಬಾಮೈದ ತನ್ನ ಟ್ರೈಲರನ್ನೇ ತಂದ. ಒಳಗೆ ತುಂಬ ಟೈಲ್ಸ್ ಪೆಟ್ಟಿಗೆಗಳು. ಎಡಗಾಲು ಸೊಟ್ಟಗಾಗಿ, ಒಳಗಿನ ಗೇರಿನ ಹಲ್ಲು ಸವೆದು, ಕಾಲು ಏರಿಸಿ ಇಳಿಸುವ ಹಿಡಿ ತಿರುಗಿಸಿದರೆ ಕಟಕಟ ಸದ್ದು ಬಿಟ್ಟರೆ ಬೇರೇನಿಲ್ಲ. ಕಾಲಪ್ಪ ಅದನ್ನು ಬಿಚ್ಚೆಸೆದು ಹೊಸ ಕಾಲು ಕೂರಿಸಿದ. ಎರಡು ಕಾಲನ್ನೂ ಸಮ ಮಾಡಿಕೊಂಡ ಮೇಲೆಯೇ ನಡುವಿನ ಸರಳು ಜೋಡಿಸಬೇಕು, ಯಾಕೆಂದರೆ ಸರಳು ಕೂತ ಮೇಲೆ ಎರಡೂ ಒಟ್ಟಿಗೇ ಏರಿಳಿಯುತ್ತವೆ. ನಿದ್ದೆಗಣ್ಣಲ್ಲೂ ತಪ್ಪದ ಕೆಲಸ. ಆದರೆ ಅವನು ಮನಸ್ಸಿನಲ್ಲೇ ಹೆಂಡತಿಯ ಭಾನುವಾರದ ಪ್ರಶ್ನೆಗೆ ಉತ್ತರ ಹುಡುಕುತ್ತ, ಸಮ ಮಾಡದೆಯೇ ಸರಳು ಜೋಡಿಸಿಬಿಟ್ಟ.

ಕಾಲು ಇಳಿಸುವಾಗ ತಲೆಯೆತ್ತಿ ನೋಡಿದರೆ ಗ್ಯಾರೇಜಿನ ಗೇಟಿನಲ್ಲಿ ಹೆಂಡತಿ ಕೈಕಟ್ಟಿ ನಿಂತಿದ್ದಾಳೆ! ಈಗ ಹಿಂದೆ ಸರಿದರೆ ಮಾನ ಉಳಿಯುತ್ತದೆಯೇ? ಕಾಲಪ್ಪ ಸ್ಟೂಲು ಹಾಕಿ, ಲೋಟ ಹಿಡಿದು ಕೂತ. ಬಾಮೈದ ಎಂಜಿನ್ ಮುಂದೆ ಸರಿಸಿ ನಿಲ್ಲಿಸಿದ. ಟ್ರೈಲರು ಒಂದು ಸಲ ನರಳಿ ನಿಂತಿತು.

ಆಗ ಅವನ ಕಣ್ಣಿಗೆ ಬಿತ್ತು. ಬಲಗಾಲಿನ ಪಾದ ನೆಲಕ್ಕೆ ತಾಗಿಯೇ ಇಲ್ಲ. ಎರಡು ಬೆರಳಿನಷ್ಟು ಸಂದು. ಅಷ್ಟೂ ಭಾರ ಎಡಗಾಲಿನ ಮೇಲೆ. ಏಳಬೇಕು. ಎದ್ದರೆ ಅವಳು ಗೆದ್ದಂತೆ. ಕಾಲಪ್ಪ ಇನ್ನೊಂದು ಗುಟುಕು ಕುಡಿದ.

ಅಷ್ಟರಲ್ಲಿ ಹೆಂಡತಿ ಬಗ್ಗಿ ಒಳಗೆ ಬಂದು, ಅವನ ಪಕ್ಕದಲ್ಲಿ ನೆಲದ ಮೇಲೇ ಕೂತಳು. "ನಂಗೂ ಅರ್ಧ ಕೊಡಿ," ಎಂದು ಕೈ ಚಾಚಿದಳು. ಕಣ್ಣು ಮಾತ್ರ ತಲೆಯ ಮೇಲಿನ ಟ್ರೈಲರನ್ನು ಬಿಟ್ಟು ಕದಲಲಿಲ್ಲ.

ಕಾಲಪ್ಪ ಬಲಗಾಲಿನ ಸಂದನ್ನು ಇನ್ನೊಮ್ಮೆ ನೋಡಿದ. "ಏಳು," ಅಂದ.

"ಯಾಕೆ, ಮುಗೀತಾ ಪರೀಕ್ಷೆ?"

"ಫೇಲಾಗಿದೆ. ಏಳೇ ಮೊದ್ಲು!" ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ, ಅವಳ ರಟ್ಟೆ ಹಿಡಿದು ಹೊರಗೆಳೆದ. ಬಾಮೈದ ಎಂಜಿನ್ ಹಿಂದಕ್ಕೆ ತಂದು ಟ್ರೈಲರಿನ ಭಾರವನ್ನು ಮತ್ತೆ ಅದರ ಮೇಲೆ ಹೊರಿಸಿದ.

ಸರಳು ಬಿಚ್ಚಿ, ಸಮ ಮಾಡಿ, ಮತ್ತೆ ಜೋಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೈ ಒರೆಸಿಕೊಳ್ಳುತ್ತ ಕಾಲಪ್ಪ ಕೇಳಿದ: "ಅಷ್ಟು ಹೆದರಿಕೆ ಇದ್ರೆ ಒಳಗ್ಯಾಕೆ ಬಂದೆ?"

"ನೀವು ಎದ್ದು ಬರ್ಲಿಲ್ವಲ್ಲ," ಅಂದಳು. "ಸರಿಯಾಗೇ ಇರುತ್ತೆ ಅಂದ್ಕೊಂಡೆ."

ಕಾಲಪ್ಪ ಸ್ಟೂಲನ್ನು ಎತ್ತಿಕೊಂಡು ಹೋಗಿ ಗೇಟಿನ ಹತ್ತಿರ ಇಟ್ಟ. ಅದು ಇವತ್ತಿಗೂ ಅಲ್ಲೇ ಇದೆ.