ವ್ಯಾನಕ್ಕನ ಬಲಗಾಲು

ಅವಳನ್ನು ಎಲ್ಲರೂ ವ್ಯಾನಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಹಳೆಯ ಡೀಸೆಲ್ ವ್ಯಾನನ್ನು ಮಾರದೆ, ನಲವತ್ತನೆಯ ವಯಸ್ಸಿನಲ್ಲಿ ಸ್ಟಿಯರಿಂಗ್ ಹಿಡಿದವಳು ಅವಳು. ಗಂಡ ಅದರಲ್ಲಿ ಬಟ್ಟೆಯ ಗಂಟು ಸಾಗಿಸುತ್ತಿದ್ದ. ಇವಳು ಅದರ ಹಿಂದೆ ಟ್ರೈಲರ್ ಕಟ್ಟಿದಳು. ಹೊಳೆಯಲ್ಲಿ ಕೆಟ್ಟ ದೋಣಿಗಳನ್ನು ಟ್ರೈಲರಿಗೆ ಏರಿಸಿ, ದಂಡೆಯ ಏರು ಹತ್ತಿಸಿ, ಮೇಲಿನ ರಿಪೇರಿ ಶೆಡ್ಡಿಗೆ ಮುಟ್ಟಿಸುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಒಂದು ದೋಣಿಗೂ ಗೀರು ಬೀಳಿಸಿರಲಿಲ್ಲ.

ಆದರೆ ಅವಳ ಪಾಲಿಗೆ ಬರುತ್ತಿದ್ದದ್ದು ಸಣ್ಣ ದೋಣಿಗಳು ಮಾತ್ರ. ವ್ಯಾನಿಗೆ ದಮ್ಮಿರಲಿಲ್ಲ. ಭಾರ ಒಂದಿಷ್ಟು ಹೆಚ್ಚಾದರೂ ಏರಿನ ಅರ್ಧದಲ್ಲಿ ಮುಕ್ಕರಿಸಿ, ನಡುಗಿ, ನಿಂತುಬಿಡುತ್ತಿತ್ತು. ಶೆಡ್ಡಿನ ಬಡಗಿಗಳಿಗೆ ಅದೊಂದು ತಮಾಷೆ.

"ವ್ಯಾನಕ್ಕಾ, ಹೊರಟಿದ್ದೀಯೋ ನಿಂತಿದ್ದೀಯೋ ಹೇಳಿಬಿಡು. ನಾವು ಊಟ ಮಾಡ್ಕೊಂಡು ಬರ್ತೀವಿ."

"ಹೋಗಿ ಬನ್ರಪ್ಪ, ಅಷ್ಟೊತ್ತಿಗೆ ಎರಡನೇ ಗೇರಿಗೆ ಬಂದಿರ್ತೀನಿ" ಎಂದು ಅವಳೂ ನಗುತ್ತಿದ್ದಳು.

ದೊಡ್ಡ ದೋಣಿ ಬಂದಾಗಲೆಲ್ಲ ಅವಳೇ ಅದನ್ನು ತನ್ನ ಅಣ್ಣನಿಗೆ ಬಿಟ್ಟುಕೊಡುತ್ತಿದ್ದಳು. ಒಡಹುಟ್ಟಿದ ಅಣ್ಣ. ಅವನದೂ ಅಂಥದೇ ವ್ಯಾನು, ಇವಳದಕ್ಕಿಂತ ಒಂದು ವರ್ಷ ಹಳೆಯದು. ಅದು ಮಾತ್ರ ಎತ್ತಿನಂತೆ ಎಳೆಯುತ್ತಿತ್ತು.

"ನಿಂದು ಇಂಜಿನ್ನೇ ಬಡಕಲು ಪುಟ್ಟೀ" ಎನ್ನುತ್ತಿದ್ದ ಅಣ್ಣ. "ಕೆಲವು ಮಕ್ಕಳು ಹುಟ್ತಾನೇ ಸಣಕಲು ಇರಲ್ವಾ, ಹಾಗೆ. ಏನು ತಿನ್ನಿಸಿದ್ರೂ ಅಷ್ಟೇ."

ಅವಳು ನಂಬಿದಳು. ಗಂಡ ಹೋದಾಗ ನೆಂಟರಿಷ್ಟರೆಲ್ಲ ವ್ಯಾನು ಮಾರು ಎಂದು ತಲೆ ತಿನ್ನುತ್ತಿದ್ದರೆ, ಪಕ್ಕದ ಸೀಟಿನಲ್ಲಿ ಕೂತು ಕ್ಲಚ್ಚು ಬಿಡುವುದನ್ನು ಕಲಿಸಿದವನು ಅಣ್ಣ. ಹಿಂಬದಿಗೆ ಟ್ರೈಲರಿನ ಕೊಕ್ಕೆ ಬೆಸೆದುಕೊಟ್ಟವನು ಅಣ್ಣ. ಪ್ರತಿ ತಿಂಗಳ ಮೊದಲ ಭಾನುವಾರ ಟೂಲ್ ಬಾಕ್ಸ್ ಹಿಡಿದು ಬಂದು, ಗೋಣಿ ಹಾಸಿಕೊಂಡು ವ್ಯಾನಿನ ಕೆಳಗೆ ಮಲಗುವವನೂ ಅವನೇ. "ಬೇರೆ ಯಾವನ ಕೈಗೂ ಕೊಡಬೇಡ, ಕೆಡಿಸಿ ಇಡ್ತಾರೆ" ಎಂದು ಹೇಳಿಯೇ ಹೋಗುತ್ತಿದ್ದ. ಅವನು ಕೈ ತೊಳೆಯಲು ಅವಳು ಬಿಸಿನೀರು ಕಾಯಿಸಿಡುತ್ತಿದ್ದಳು.

ಒಂದು ಸಲ ಅಣ್ಣ ತನ್ನ ಮಗಳನ್ನು ನೋಡಿ ಬರಲು ಬೇರೆ ಊರಿಗೆ ಹೋಗಿದ್ದ. ಜನರನ್ನು ದಾಟಿಸುವ ದೊಡ್ಡ ದೋಣಿಯ ತಳ ಸೋರತೊಡಗಿತು. ಶೆಡ್ಡಿನ ಯಜಮಾನ ಅವಳನ್ನು ಕರೆಸಿದ.

"ನೋಡಮ್ಮ, ನಿಮ್ಮಣ್ಣ ಊರಲ್ಲಿಲ್ಲ, ಅವನಿಗಾಗಿ ಕಾಯೋಕಾಗಲ್ಲ. ಶನಿವಾರ ನೀನು ಇದನ್ನ ಮೇಲಕ್ಕೆ ತಂದ್ರೆ ದೊಡ್ಡ ದೋಣಿಗಳೂ ಇನ್ಮುಂದೆ ನಿನಗೆ. ಆಗಲ್ಲ ಅಂದ್ರೆ ಟ್ರ್ಯಾಕ್ಟರಿನವನನ್ನ ಗೊತ್ತು ಮಾಡ್ತೀನಿ. ಆಮೇಲೆ ಚಿಕ್ಕದು ದೊಡ್ಡದು ಎಲ್ಲ ಅವನಿಗೇ. ಇನ್ಮೇಲೆ ಇಬ್ಬಿಬ್ಬರನ್ನ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಇದು ಬಿಟ್ಟರೆ ಅವಳಿಗೆ ಬೇರೆ ದುಡಿಮೆ ಇರಲಿಲ್ಲ. ಅಣ್ಣನ ಮಾತು ಮೀರುತ್ತಿದ್ದೇನೆಂದು ಅಳುಕುತ್ತಲೇ, ಬಸ್ ನಿಲ್ದಾಣದ ಹಿಂದೆ ಹೊಸದಾಗಿ ಅಂಗಡಿ ಇಟ್ಟಿದ್ದ ಮೆಕ್ಯಾನಿಕ್ಕಿನ ಬಳಿ ವ್ಯಾನು ಒಯ್ದಳು.

"ಇದಕ್ಕೆ ಎಳೆಯೋ ಶಕ್ತಿ ಬರೋ ಹಾಗೆ ಏನಾದ್ರೂ ಮಾಡಪ್ಪ. ಹುಟ್ಟಿನಿಂದಲೇ ಬಡಕಲಂತೆ."

"ಹಾಗಂತ ಯಾವ ಡಾಕ್ಟ್ರು ಹೇಳಿದ್ದು?" ಎಂದು ಅವನು ನಕ್ಕ.

ಅವನು ಮೊದಲು ಟ್ರೈಲರಿನ ಚಕ್ರ ಬಿಚ್ಚಿದ. "ಎಳೆಯೋದು ಮುಂದಿರೋದೇ ಆದ್ರೂ, ಹಿಂದಿರೋದೂ ಹಟ ಮಾಡದೆ ಬರಬೇಕಕ್ಕ" ಎಂದು ಒಣಗಿದ್ದ ಬೇರಿಂಗಿಗೆ ಗ್ರೀಸು ತುಂಬಿದ. ಏರ್ ಫಿಲ್ಟರ್ ಹೊಸದು ಹಾಕಿದ. ಡೀಸೆಲ್ ಫಿಲ್ಟರ್ ಬದಲಿಸಿದ. ನಾಲ್ಕು ನಾಝಲ್ ತೆಗೆದು ಪರೀಕ್ಷೆ ಮಾಡಿದರೆ ಮೂರು ಹೊಗೆಯಂತೆ ಡೀಸೆಲ್ ಚಿಮ್ಮಿದವು, ಒಂದು ಮಗುವಿನ ಜೊಲ್ಲಿನಂತೆ ತೊಟ್ಟಿಕ್ಕಿತು. ಅದನ್ನೂ ಬದಲಿಸಿದ. ಗುರುವಾರ ಸಂಜೆಯ ಹೊತ್ತಿಗೆ ಇಂಜಿನ್ನಿನ ದನಿ ಹಗುರವಾಯಿತು. ಆದರೂ ಅವನಿಗೆ ಸಮಾಧಾನವಿರಲಿಲ್ಲ. ಬಾನೆಟ್ಟಿನೊಳಗೆ ತಲೆ ಹಾಕಿ ಕೂಗಿದ.

"ಅಕ್ಕಾ, ಆಕ್ಸಿಲರೇಟರ್ ಪೆಡಲ್ ಪೂರ್ತಿ ಒತ್ತಿ."

"ಒತ್ತಿದೀನಿ."

"ಪೂರ್ತಿ ಒತ್ತಿ ಅಂದೆ."

"ಪೂರ್ತಿನೇ ಒತ್ತಿರೋದು. ನನ್ನ ಕಾಲು ನನಗೆ ಗೊತ್ತಿಲ್ವಾ?"

"ಡೀಸೆಲ್ ಪಂಪಿನ ಲಿವರ್ ಇನ್ನೂ ಒಂದು ಹೆಬ್ಬೆರಳಷ್ಟು ಹೋಗಬೇಕಲ್ಲಕ್ಕ. ಎಲ್ಲಿ, ಇಳೀರಿ ನೋಡೋಣ."

ಅವನು ಪೆಡಲಿನ ಕೆಳಗಿನ ರಬ್ಬರ್ ಹಾಸು ಎತ್ತಿದ. ಅದರಡಿಯಲ್ಲಿ, ನೆಲದ ತಗಡಿನಿಂದ ಮೇಲಕ್ಕೆ ಒಂದು ಬೋಲ್ಟು ಎದ್ದು ನಿಂತಿತ್ತು. ಪೆಡಲು ಬಂದು ಅದಕ್ಕೆ ತಾಗಿ ನಿಲ್ಲುತ್ತಿತ್ತು.

"ಇದು ಕಂಪನಿಯದಲ್ಲ" ಎಂದ ಅವನು. "ಯಾರೋ ತೂತು ಕೊರೆದು ಹಾಕಿದಾರೆ. ನಿಮ್ಮ ವ್ಯಾನಿಗೆ ಏನೂ ಆಗಿಲ್ಲಕ್ಕ, ಚೆನ್ನಾಗೇ ಇದೆ. ಯಾರೋ ಬೇಕಂತ ಅದರ ಕಾಲು ಕಟ್ಟಿಹಾಕಿದಾರೆ."

ಬೋಲ್ಟು ಬಿಚ್ಚಿ ಅವಳ ಅಂಗೈಗೆ ಹಾಕಿದ. ನಟ್ಟು ಸಡಿಲವಾಗದಿರಲೆಂದು ಬೋಲ್ಟಿನ ತಿರುಪಿಗೆ ದಾರ ಸುತ್ತಿ ಬಣ್ಣ ಬಳಿದಿದ್ದರು. ಅವಳು ಉಗುರಿನಿಂದ ಬಣ್ಣ ಕೆರೆದಳು. ಒಳಗಿದ್ದದ್ದು ಕಡುಹಸಿರು ದಾರ.

ಕೊಕ್ಕೆ ಬೆಸೆದ ದಿನ ಅಣ್ಣ ಒಳಗೆ ಬಂದು, "ಪುಟ್ಟೀ, ಗಟ್ಟಿ ದಾರ ಇದ್ರೆ ಕೊಡು" ಎಂದಿದ್ದ. ಕಿಟಕಿ ಪರದೆ ಹೊಲಿದು ಉಳಿದಿದ್ದ ಹಸಿರು ದಾರದ ಉಂಡೆಯನ್ನು ಅವಳೇ ಹೊಲಿಗೆ ಡಬ್ಬಿಯಿಂದ ತೆಗೆದುಕೊಟ್ಟಿದ್ದಳು. ಯಾಕಣ್ಣ ಎಂದಿದ್ದಕ್ಕೆ, "ಒಂದು ನಟ್ಟು ಅಲ್ಲಾಡದೆ ಇರಲಿ ಅಂತ" ಎಂದಿದ್ದ. ಸುಳ್ಳೂ ಆಡಿರಲಿಲ್ಲ.

ಹಸಿರಿನ ಪಕ್ಕಕ್ಕೇ ಇನ್ನೊಂದು ಸುತ್ತು ಇತ್ತು, ಬಿಳಿಯದು. ಎರಡು ವರ್ಷದ ಹಿಂದೆ ಅವನು ಮತ್ತೆ ದಾರ ಕೇಳಿದ್ದ. ಹಸಿರು ಮುಗಿದಿದ್ದರಿಂದ ಬಿಳಿ ಕೊಟ್ಟಿದ್ದಳು. ಹಾಕಿ ಮರೆತದ್ದಲ್ಲ ಅದು. ಸಡಿಲವಾದಾಗ ನೋಡಿ ಬಿಗಿ ಮಾಡಿದ್ದು.

"ಎಸೆದುಬಿಡ್ಲಾ?" ಎಂದು ಮೆಕ್ಯಾನಿಕ್ ಕೈ ಚಾಚಿದ.

"ಬೇಡ" ಎಂದು ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಶನಿವಾರ ಬಂತು. ದೊಡ್ಡ ದೋಣಿಯನ್ನು ಆರು ಜನ ಸೇರಿ ಟ್ರೈಲರಿಗೆ ಬಿಗಿದರು. ಮೆಕ್ಯಾನಿಕ್ಕೂ ಬಂದಿದ್ದ, ವ್ಯಾನು ಹಿಂದೆ ಜಾರಿದರೆ ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ. ಅವಳು ಮೊದಲನೇ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಳು. ವ್ಯಾನು ಹತ್ತಿತು. ಏರಿನ ಅರ್ಧಕ್ಕೆ ಬಂದಾಗ, ಎಂದಿನ ಜಾಗದಲ್ಲೇ, ಮುಕ್ಕರಿಸತೊಡಗಿತು.

"ಅಕ್ಕಾ, ಒತ್ತಿ! ಇನ್ನೂ ಜಾಗ ಇದೆ, ಒತ್ತಿ!"

ಅವಳು ಒತ್ತಿದ್ದೇನೆ ಎಂದೇ ತಿಳಿದಿದ್ದಳು. ಬೋಲ್ಟು ಸೆರಗಿನಲ್ಲಿತ್ತು, ಆದರೂ ಕಾಲು ಅದಿದ್ದ ಜಾಗದಲ್ಲೇ ನಿಂತಿತ್ತು. ಪೆಡಲು ಅಲ್ಲಿಗೇ ಮುಗಿಯಿತು ಎಂದು ಹನ್ನೊಂದು ವರ್ಷ ಕಲಿತ ಕಾಲು. ಅಣ್ಣ ಕಲಿಸಿದ ಕಾಲು. ಅವಳು ಹಲ್ಲು ಕಚ್ಚಿ, ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಆ ಒಂದು ಪಾದಕ್ಕೆ ಹಾಕಿದಳು. ಪೆಡಲು ಕೆಳಕ್ಕೆ ಹೋಯಿತು, ಇನ್ನೂ ಕೆಳಕ್ಕೆ, ಅವಳೆಂದೂ ಮುಟ್ಟದಿದ್ದ ಕಡೆಗೆ. ಹಿಂದಿನಿಂದ ಕಪ್ಪು ಹೊಗೆ ಎದ್ದಿತು. ವ್ಯಾನು ಅವಳು ಕೇಳಿಯೇ ಇರದ ದನಿಯಲ್ಲಿ ಗುಡುಗಿ, ದೋಣಿಯನ್ನು ಎಳೆದುಕೊಂಡು ದಂಡೆ ಹತ್ತಿ, ಶೆಡ್ಡಿನ ಬಾಗಿಲಲ್ಲಿ ನಿಂತಿತು.

"ಊಟಕ್ಕೆ ಏಳೋಕೂ ಬಿಡಲಿಲ್ವಲ್ಲ ವ್ಯಾನಕ್ಕಾ!" ಎಂದು ಬಡಗಿಯೊಬ್ಬ ಕೂಗಿದ.

ಅವಳಿಗೆ ನಗು ಬರಲಿಲ್ಲ. ಶೆಡ್ಡಿನ ಗೋಡೆಯ ಬಳಿ ಅಣ್ಣ ನಿಂತಿದ್ದ, ಬಸ್ಸಿಳಿದು ನೇರ ಬಂದವನ ಚೀಲ ಇನ್ನೂ ಹೆಗಲಲ್ಲೇ ಇತ್ತು.

"ಯಾರ ಕೈಗೆ ಕೊಟ್ಟಿದ್ದೆ ವ್ಯಾನು?" ಎಂದ.

ಅವಳು ಸೆರಗಿನ ಗಂಟು ಬಿಚ್ಚಿ ಬೋಲ್ಟನ್ನು ಅಂಗೈಯಲ್ಲಿ ಹಿಡಿದಳು. ಅವನು ಅದನ್ನೊಮ್ಮೆ ನೋಡಿ ನೆಲ ನೋಡಿದ.

"ನಿನ್ನ ಒಳ್ಳೇದಕ್ಕೇ ಹಾಕಿದ್ದು ಪುಟ್ಟೀ. ಹೊಸದಾಗಿ ಕಲಿತಿದ್ದೆ. ಜೋರಾಗಿ ಒತ್ತಿ ಎಲ್ಲಾದ್ರೂ ಗುದ್ದಿಬಿಟ್ರೆ ಅಂತ."

"ಆಮೇಲೆ?"

"ಆಮೇಲೆ... ತೆಗೀಬೇಕು ಅಂತಲೇ ಇದ್ದೆ. ಮರೆತೇಹೋಯ್ತು."

"ಬಿಳಿ ದಾರ ಸುತ್ತುವಾಗಲೂ ಮರೆತಿತ್ತಾ ಅಣ್ಣ?"

ಅವನು ಚೀಲವನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅವಳು ಕಿರುಚಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ.

ಯಜಮಾನ ಮಾತಿಗೆ ತಪ್ಪಲಿಲ್ಲ, ದೊಡ್ಡ ದೋಣಿಗಳೆಲ್ಲ ಅವಳಿಗೇ ಬಂದವು. ಅಣ್ಣನ ವ್ಯಾನಿಗೂ ಬೇರೆ ಕಡೆ ಬಾಡಿಗೆ ಸಿಕ್ಕಿತು.

ಮುಂದಿನ ತಿಂಗಳ ಮೊದಲ ಭಾನುವಾರ, ಏನೂ ನಡೆದೇ ಇಲ್ಲವೆಂಬಂತೆ, ಅವನು ಟೂಲ್ ಬಾಕ್ಸ್ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತ. ಅವಳೂ ರೂಢಿಯ ಮೇಲೆ ಬಿಸಿನೀರು ಕಾಯಿಸಲು ಇಟ್ಟುಬಿಟ್ಟಿದ್ದಳು.

"ಕೀಲಿ ಕೊಡು" ಎಂದ.

"ಮೆಕ್ಯಾನಿಕ್ಕು ನೋಡಿ ಆಯ್ತು ಅಣ್ಣ."

"ಅಂದ್ರೆ ನಾನು ಈಗ ಯಾರೂ ಅಲ್ವಾ?"

"ನೀನು ಅಣ್ಣನೇ. ಹೊರಗಿನವನಾಗಿದ್ರೆ ನಾನು ಹಾಸು ಎತ್ತಿ ಯಾವತ್ತೋ ನೋಡಿರ್ತಿದ್ದೆ."

ಚಹಾ ಕೊಟ್ಟಳು. ಅವನು ಅರ್ಧ ಕುಡಿದು ಲೋಟವನ್ನು ಮೆಟ್ಟಿಲ ಮೇಲಿಟ್ಟು ಎದ್ದುಹೋದ. ಅವಳು ಒಲೆ ಆರಿಸಿದಳು.

ಮೊನ್ನೆಯೂ ಅವಳು ದೊಡ್ಡ ದೋಣಿಯೊಂದನ್ನು ಮೇಲೆ ತಂದಳು. ಈಗಲೂ ಏರಿನ ಅರ್ಧದಲ್ಲಿ ಬಲಗಾಲು ಒಂದು ಗಳಿಗೆ ತಡೆಯುತ್ತದೆ. ಅಲ್ಲಿ ಏನೂ ಇಲ್ಲವೆಂದು ಅವಳು ಅದಕ್ಕೆ ಪ್ರತಿ ಸಲವೂ ಹೇಳಬೇಕಾಗುತ್ತದೆ. ಹೇಳಿದ ಮೇಲೆ ಅದು ಒತ್ತುತ್ತದೆ.