ಔಷಧಿ ಕಂಪನಿಯ ಸೊಸೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದು, ಒಂದು ಬಿಯರ್ ಕಾರ್ಖಾನೆಯ ಲ್ಯಾಬಿಗೆ ಹೋಗುತ್ತಿದ್ದೆ. ಬಿಯರಿಗೆ ಕಹಿ, ಪರಿಮಳ ಎರಡನ್ನೂ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಒಣಹೂವು. ಕಾಶ್ಮೀರದ್ದು, ಜರ್ಮನಿಯದ್ದು ಎಂದು ಬೇರೆ ಬೇರೆ ಜಾತಿ ಬರುತ್ತಿದ್ದವು. ಅಂಗೈಯಲ್ಲಿ ಉಜ್ಜಿ ಮೂಸಿ, ಕುದಿಸಿ, ನಾಲಿಗೆಗೆ ಹಚ್ಚಿ ಯಾವುದು ವಾಸಿ ಎಂದು ಹೇಳುವುದು ನನ್ನ ಕೆಲಸ. ಜರ್ಮನಿಯದ್ದಕ್ಕೆ ಹಸಿಹುಲ್ಲು, ನಿಂಬೆಸಿಪ್ಪೆಯ ಘಮ. ಕಾಶ್ಮೀರದ್ದು ಮೂಗಿಗೆ ಒರಟು; ಆದರೆ ಅದರ ಕಹಿ ಗಂಟಲಲ್ಲಿ ನಿಲ್ಲದೆ ಹಗುರಾಗಿ ಇಳಿಯುತ್ತಿತ್ತು. ಕಹಿಗೆ ಅದೇ ಸಾಕೆಂದು ನಾನು ವಾದಿಸಿದೆ. ಲ್ಯಾಬಿನ ಸಾಹೇಬರು ಒಪ್ಪಿ ಅದನ್ನೇ ತರಿಸಿದರು. ನಾನು ಆಡಿದ ಮಾತು ನಡೆಯುತ್ತದೆ ಎಂದು ಮೊದಲ ಸಲ ಅನ್ನಿಸಿತು.

ನಮ್ಮೂರು ಚನ್ನಗಿರಿಯಲ್ಲಿ ಅಪ್ಪ ಮಾತ್ರ ಎಲ್ಲರಿಗೂ "ಮಗಳು ಔಷಧಿ ಕಂಪನೀಲಿ ಅದಾಳೆ" ಎಂದಿದ್ದರು.

ನಾನು ರಜೆಗೆ ಊರಿಗೆ ಬಂದಾಗ ಹೊನ್ನಾಳಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಹುಡುಗನ ತಾಯಿ ಪ್ರೀತಿಯಿಂದಲೇ ಕೇಳಿದರು: "ಯಾವ ಔಷಧಿ ಮಾಡ್ತೀರವ್ವಾ?"

"ಔಷಧಿ ಅಲ್ರೀ, ಬಿಯರು."

ಉಪ್ಪಿಟ್ಟಿನ ತಟ್ಟೆಗಳನ್ನು ಹಾಗೇ ಬಿಟ್ಟು ಎದ್ದರು. ಅಪ್ಪ ಬೈಯಲಿಲ್ಲ. ಮರುದಿನ ತಾವೇ ಬೆಂಗಳೂರಿಗೆ ಹೋಗಿ ನನ್ನ ಟ್ರಂಕು ಹೊತ್ತು ತಂದರು. "ಇನ್ನು ನೀನು ಬರಾದಿಲ್ಲ ಅಂತ ಫ್ಯಾಕ್ಟ್ರೀಲಿ ಹೇಳಿ ಬಂದೀನಿ." ಆಮೇಲೆ ಯಾರೇ ಬಂದರೂ ನಾನು ಒಳಕೋಣೆಯಲ್ಲಿ.

ಮುಂದಿನ ವರ್ಷ ಅದೇ ಔಷಧಿ ಕಂಪನಿಯ ಮಾತು ಹೇಳಿ ನನ್ನನ್ನು ಬಿಳಿಚೋಡಿಗೆ ಕೊಟ್ಟರು. "ಈ ಸಲ ಬಾಯಿ ಬಿಟ್ಟರೆ ನಿನ್ನ ತಂಗಿಗೂ ಗಂಡು ಸಿಗಾಕಿಲ್ಲ" ಎಂದು ಅವ್ವ ಅತ್ತಳು. ನಾನು ಬಾಯಿ ಬಿಡಲಿಲ್ಲ. ಅತ್ತೆಗೋ ನನ್ನ ಮೇಲೆ ಬಲು ಹೆಮ್ಮೆ. ಜ್ವರ, ಕಜ್ಜಿ, ಕೆಮ್ಮು, ಏನೇ ಆದರೂ ಓಣಿಯವರನ್ನು ನನ್ನ ಮುಂದೆ ತಂದು ಕೂರಿಸುವರು. "ಜಗಳೂರು ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ" ಎಂದರೆ, "ನಮ್ಮ ಸೊಸೆ ದೊಡ್ಡ ಡಾಕ್ಟ್ರ ಹತ್ರಾನೇ ಕಳಿಸ್ತಾಳೆ" ಎಂದು ಅದನ್ನೂ ಹೊಗಳುವರು.

ಒಂದು ಮಧ್ಯಾಹ್ನ ತಡೆಯಲಾರದೆ ಗಂಡನಿಗೆ ಎಲ್ಲ ಹೇಳಿಬಿಟ್ಟೆ. ಅವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಂಗೆ ಮೊದಲೇ ಗೊತ್ತೈತೆ. ಹೊನ್ನಾಳಿಯವರು ಹೇಳಿದ್ರು. ಅವ್ವಗೆ ಹೇಳಬ್ಯಾಡ."

"ಎಷ್ಟು ದಿನ ಹಿಂಗೆ?"

"ಇರಾದು ಹಿಂಗೇ" ಎಂದು ಕೈ ತೊಳೆಯಲು ಎದ್ದರು.

ಹೊರಗೆ ಅತ್ತೆ ಕೂಗುತ್ತಿದ್ದರು. ಕಿವಿ ಸೋರುವ ಮಗುವನ್ನು ಎತ್ತಿಕೊಂಡು ಯಾರೋ ಬಂದಿದ್ದರು. ಸೆರಗು ಸರಿಮಾಡಿಕೊಂಡು ಹೋದೆ.